ನೆನೆಸಿದ ಪೊರಕೆ

ಮೂರನೇ ಬೆಂಕಿಕಡ್ಡಿಯೂ ನನ್ನ ಬೆರಳಿನವರೆಗೆ ಉರಿದು ಆರಿತು. ಪೊರಕೆಗೆ ಬೆಂಕಿ ಹತ್ತಲಿಲ್ಲ.

ಒಣ ಹುಲ್ಲಿನ ಪೊರಕೆ ಅದು. ಹನ್ನೆರಡು ದಿನದಿಂದ ಸ್ಟೋರಿನ ಕಪಾಟಿನಲ್ಲಿ ಬಿದ್ದು ಗರಿಗರಿಯಾಗಿತ್ತು. ಇಂಥದಕ್ಕೆ ಕಿಡಿ ಸೋಕಿದರೆ ಸಾಕು, ಭಗ್ಗೆನ್ನಬೇಕು. ಇದರ ತುದಿ ಮಾತ್ರ ಕಪ್ಪಗಾಗಿ, ಒಂದಿಷ್ಟು ಹೊಗೆ ಬಿಟ್ಟು ಸುಮ್ಮನಾಯಿತು. ಇಪ್ಪತ್ತೆರಡು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದು, ಈಗ ಬೆಂಕಿ ಅವಘಡಗಳ ತನಿಖೆ ಮಾಡಿಕೊಂಡಿರುವ ನನಗೆ, ಉರಿಯದ ಹುಲ್ಲು ಕಂಡರೆ ಮೈ ಉರಿಯುತ್ತದೆ.

ಒಂದು ಎಳೆ ಕಿತ್ತು ಬಾಯಿಗಿಟ್ಟುಕೊಂಡೆ.

ಸ್ಟೋರ್ ಕೀಪರ್ ಮುಖ ಹಿಂಡಿಕೊಂಡ. ಈ ಕೆಲಸಕ್ಕೆ ಸೇರಿ ತಿಂಗಳೂ ತುಂಬದ ನಡುವಯಸ್ಸಿನ ಮನುಷ್ಯ. ನನಗೆ ಬೂದಿ ಮೇಡಂ ಅಂತ ಹೆಸರಿರುವುದು ಅವನಿಗೆ ಗೊತ್ತಿತ್ತು. ಸುಟ್ಟದ್ದನ್ನು ತಿಂದೂ ನೋಡುತ್ತೇನೆ ಅನ್ನುವುದು ಗೊತ್ತಿರಲಿಲ್ಲ.

ಉಪ್ಪಿರುತ್ತದೆ ಅಂದುಕೊಂಡಿದ್ದೆ. ಉಪ್ಪಿರಲಿಲ್ಲ. ಒಗರು. ಎಳೆ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆ ಮುದುಡಿಕೊಂಡಿತು.

ಉಪ್ಪು ಯಾಕಿರಬೇಕಿತ್ತು ಅಂತ ಹೇಳುತ್ತೇನೆ. ಇದು ವಿಮಾನದ ಇಂಜಿನ್ನಿಗೆ ಸೀಮೆಎಣ್ಣೆ ಬಿಡಿಸಿ ಹಿಮಕ್ಕಿಂತ ತಣ್ಣಗಿನ ಜಲಜನಕ ಕುಡಿಸಲು ಹೊರಟ ಜಾಗ. ಜಲಜನಕ ಕೆಟ್ಟ ಅನಿಲ. ಕೊಳವೆಯ ಕೀಲಿನಲ್ಲಿ ಸೋರಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡದ್ದು ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹೊಗೆಯಿಲ್ಲ, ಬಣ್ಣವಿಲ್ಲ. ಗೇಣು ದೂರಕ್ಕೆ ಬರುವವರೆಗೆ ಕಾವೂ ತಿಳಿಯುವುದಿಲ್ಲ. ಹಾಗಾಗಿ ಇಂಜಿನ್ ಓಡಿಸುವ ಮುಂಚೆ ಒಬ್ಬ ಮನುಷ್ಯ ಉದ್ದ ಕೈ ಮಾಡಿ ಪೊರಕೆ ಹಿಡಿದು ಕೊಳವೆಯ ಪಕ್ಕದಲ್ಲೇ ನಡೆಯಬೇಕು. ಪೊರಕೆ ಹೊತ್ತಿಕೊಂಡರೆ ನಿಲ್ಲಬೇಕು. ಅಷ್ಟೇ ವಿದ್ಯೆ.

ಮೂವತ್ತು ವರ್ಷ ಹಾಗೆ ನಡೆದ ಹೆಡ್ ಮೆಕ್ಯಾನಿಕ್ಕಿಗೆ ಎಲ್ಲರೂ ಪೊರಕೆಯಪ್ಪ ಅನ್ನುತ್ತಿದ್ದರು. ಆ ವಿದ್ಯೆಗೆ ಅವರು ತಮ್ಮದೂ ಒಂದು ಸೇರಿಸಿದ್ದರು. ಪೊರಕೆಯನ್ನು ಉಪ್ಪುನೀರಲ್ಲಿ ನೆನೆಸಿ ಒಣಗಿಸುವುದು. ಉಪ್ಪು ಸೋಕಿದರೆ ಕಾಣದ ಬೆಂಕಿಗೂ ಅರಿಶಿನದ ಬಣ್ಣ ಬರುತ್ತದೆ.

ಹನ್ನೆರಡು ದಿನದ ಹಿಂದೆ, ನಡುಮಧ್ಯಾಹ್ನ, ಈ ಪೊರಕೆ ಹೊತ್ತಿಕೊಳ್ಳಲಿಲ್ಲ. ಬಣ್ಣವೂ ಬರಲಿಲ್ಲ. ಮೂರನೇ ಕೀಲಿನ ಹತ್ತಿರ ಮೊದಲು ಅವರ ಕೈ ಕಾಣದ ಬೆಂಕಿಯೊಳಗೆ ಹೋಯಿತು, ಆಮೇಲೆ ಮುಖ. ಗಾಜಿನಾಚೆ ನೋಡುತ್ತಿದ್ದವರಿಗೆ ಬೆಂಕಿಯೇ ಕಾಣಲಿಲ್ಲ. ಮುದುಕ ಸುಮ್ಮನೆ ಗಾಳಿಯಲ್ಲಿ ಕೈ ಬೀಸಿ ಕುಣಿಯುತ್ತಿದ್ದಾನೆ ಅಂದುಕೊಂಡು ಒಬ್ಬ ನಕ್ಕನಂತೆ. ಆಸ್ಪತ್ರೆಯಲ್ಲಿ ಮೂರು ದಿನ ಜೀವ ಹಿಡಿದುಕೊಂಡಿದ್ದರು.

ಒಗರಾದ ಬಿಳಿ ಪುಡಿ ಏನಾದರೂ ಇಲ್ಲಿದೆಯೇ ಎಂದು ಸ್ಟೋರ್ ಕೀಪರನ್ನು ಕೇಳಿದೆ. ತಲೆ ಕೆರೆದುಕೊಂಡು, ಟ್ಯಾಂಕಿನ ಉಪ್ಪು ಬಿಟ್ಟರೆ ಬಿಳಿ ಪುಡಿ ಬೇರೆ ಯಾವುದೂ ಇಲ್ಲ ಎಂದ. ಮೂಲೆಯಲ್ಲಿದ್ದ ಮೂಟೆ ತೋರಿಸಿದ. ಒಂದು ಚಿಟಿಕೆ ನೆಕ್ಕಿದೆ. ಅದೇ ಒಗರು.

"ಇದು ಉಪ್ಪಲ್ಲ ಕಣಯ್ಯಾ, ಪಟಿಕ. ಕ್ಷೌರದ ಅಂಗಡೀಲಿ ಕೆನ್ನೆಗೆ ಉಜ್ತಾರಲ್ಲ, ಅದರ ಪುಡಿ."

"ನೀರಿನ ಟ್ಯಾಂಕ್ ತಿಳಿಯಾಗ್ಲಿ ಅಂತ ಹಾಕೋದು ಮೇಡಂ. ಸ್ಟೋರಲ್ಲಿ ಎಲ್ರೂ ಉಪ್ಪು ಅಂತಾನೇ ಅನ್ನೋದು."

ಪಟಿಕದ ನೀರಲ್ಲಿ ಅದ್ದಿ ಒಣಗಿಸಿದ ಹುಲ್ಲು ಸುಲಭಕ್ಕೆ ಹತ್ತುವುದಿಲ್ಲ. ನಾಟಕದ ಪರದೆಗೆ ಕಿಡಿ ತಾಗದಿರಲಿ ಎಂದು ಹಿಂದಿನವರು ಇದನ್ನೇ ಬಳಿಯುತ್ತಿದ್ದರು. ಬೆಂಕಿಗೆ ಇದು ಬಣ್ಣವನ್ನೂ ಕೊಡುವುದಿಲ್ಲ. ಉಪ್ಪಿನ ಜಾಗದಲ್ಲಿ ಪಟಿಕ ಬಂದು ಕೂತರೆ ಪೊರಕೆ ಕುರುಡಾಗುತ್ತದೆ.

ಈ ತಿಂಗಳು ಆ ಮೂಟೆಯಿಂದ ಪುಡಿ ಒಯ್ದವರ ಚೀಟಿಗಳನ್ನೆಲ್ಲ ಹುಡುಕಿ ಫೋನ್ ಮಾಡು ಎಂದು ಹೇಳಿ ಹೊರಟೆ. ಗಂಟೆ ಹನ್ನೊಂದೂಕಾಲು. ಹನ್ನೆರಡಕ್ಕೆ ಇಂಜಿನ್ನನ್ನು ಮತ್ತೆ ಓಡಿಸುವವರಿದ್ದರು. ಅದಕ್ಕೆ ಮುಂಚೆ ಮತ್ತೊಬ್ಬರು ಪೊರಕೆ ಹಿಡಿದು ಒಳಗೆ ನಡೆಯಬೇಕಿತ್ತು. ಕೊಲೆ ಎಂದು ನಾನು ಬರೆದುಕೊಟ್ಟರೆ ಮಾತ್ರ ಓಟ ನಿಲ್ಲುತ್ತಿತ್ತು. ಬರೀ ಒಗರು ಅಂತ ಬರೆದುಕೊಟ್ಟರೆ ನಗುತ್ತಾರೆ, ಹೆಸರು ಬೇಕು.

ಹೆಸರಿಗೇನು ಬರವಿರಲಿಲ್ಲ. ಅಳಿಯ.

ಪೊರಕೆಯಪ್ಪನ ಅಳಿಯನೇ ಈ ಇಂಜಿನ್ನಿನ ಮುಖ್ಯಸ್ಥ. ಮಾವ ಸಾಯುವ ಹಿಂದಿನ ವಾರ ಲಾಗ್‌ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದರು: 'ಮೂರನೇ ಕೀಲು ಚಳಿಗೆ ಬಿರುಕು ಬಿಡುತ್ತದೆ. ಇದು ಹಾರಬಾರದು.' ಆ ಎರಡು ಸಾಲಿನಿಂದ ಅಳಿಯನ ಏಳು ವರ್ಷದ ದುಡಿಮೆಗೆ ಕಲ್ಲು ಬಿದ್ದಿತ್ತು.

ಅವನು ಹಜಾರದಲ್ಲೇ ಎದುರಾದ. ನೀಲಿ ಡಾಂಗ್ರಿ ತೊಟ್ಟು, ಹೊಸ ಪೊರಕೆಯನ್ನು ಹೆಗಲ ಮೇಲಿಟ್ಟುಕೊಂಡಿದ್ದ. ಒಳಗೆ ಹೋಗಲು ಯಾವ ಮೆಕ್ಯಾನಿಕ್ಕೂ ಒಪ್ಪಿರಲಿಲ್ಲ. ಮೂವರು ರಜೆ ಹಾಕಿದ್ದರು, ನಾಲ್ಕನೆಯವನಿಗೆ ಬೆಳಿಗ್ಗೆಯಿಂದ ಸೊಂಟ ಹಿಡಿದಿತ್ತು. ಇಂಜಿನ್ ನಂದು, ನಾನೇ ಹೋಗ್ತೀನಿ ಎಂದು ಅವನೇ ಹೊರಟಿದ್ದ. ನನ್ನ ವರದಿಯಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂಬ ಎರಡು ಪದ ಬಿದ್ದುಬಿಟ್ಟರೆ ಅವನಿಗೆ ನೆಮ್ಮದಿ. ಸಹಿ ಆಯಿತೇ ಎಂದು ಕೇಳಿದ. ಇಲ್ಲ ಎಂದೆ.

"ಮಾವನ ಕೆಲಸ ಅಳಿಯನ ತಲೆಗೆ ಬಂತು ನೋಡಿ ಮೇಡಂ. ಪೊರಕೆ ಸೇವೆ ಅಂದ್ರೆ ಇದೇ ಇರ್ಬೇಕು."

ಹೇಳಿ ನಕ್ಕ. ಮಾವನ ಚರ್ಮ ಹಾಸಿಗೆಗೆ ಅಂಟಿಕೊಂಡು ಇನ್ನೂ ಹತ್ತು ದಿನ ಕಳೆದಿಲ್ಲ, ಇವನಿಗೆ ನಗು. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ತನ್ನ ಪೊರಕೆಗೆ ತಾನೇ ಪಟಿಕ ಹಾಕಿಕೊಳ್ಳುವಷ್ಟು ದಡ್ಡನಲ್ಲ ಇವನು ಎಂದುಕೊಂಡು ಹೋಗಲು ಬಿಟ್ಟೆ. ಅಲ್ಲೇ ಒಂದು ಎಳೆ ಕಿತ್ತು ಬಾಯಿಗಿಡಬೇಕಿತ್ತು. ದಡ್ಡತನ ನನ್ನದು.

ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋದೆ. ನಲ್ಲಿಯ ಕೆಳಗೆ ಒಂದು ಬಕೆಟ್ ಇತ್ತು, ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ನೆಲ ಒರೆಸುತ್ತಿದ್ದ ಹೆಂಗಸು ಸಿಡುಕಿದಳು.

"ಮುಟ್ಬೇಡಿ ಅದನ್ನ. ಒರೆಸೋ ಬಟ್ಟೆ ನೆನೆಸಿದೀನಿ."

ನೀರು ಬಾಯಲ್ಲೇ ನಿಂತಿತು.

ಪೊರಕೆಯಪ್ಪ ಆಸ್ಪತ್ರೆಯಲ್ಲಿ ಆಡಿದ್ದು ಒಂದೇ ಮಾತು. ಅದನ್ನು ನರ್ಸು ಕೇಳಿಸಿಕೊಂಡು ಊರಿಗೆಲ್ಲ ಹೇಳಿದ್ದಳು. ಈಗ ಕಂಟ್ರೋಲ್ ರೂಮಿನಲ್ಲಿ ಅವರ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಅದು ಅಚ್ಚಾಗಿ ತೂಗುತ್ತಿದೆ: 'ನನ್ ಮಗಳು ನೆನೆಸಿದ್ಲು.' ಸಾಯುವ ಅಪ್ಪನಿಗೆ ಮಗಳು ತನ್ನನ್ನು ನೆನೆಸಿಕೊಂಡಳು ಅನ್ನುವ ಸಮಾಧಾನ ಎಂದು ಎಲ್ಲರೂ ಅರ್ಥ ಮಾಡಿಕೊಂಡಿದ್ದರು. ಓದಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ನಾನೂ ಒರೆಸಿಕೊಂಡಿದ್ದೆ, ಹೇಳಲು ನಾಚಿಕೆಯಾಗುತ್ತದೆ.

ಬಟ್ಟೆ ನೆನೆಸುತ್ತಾರೆ. ಕಾಳು ನೆನೆಸುತ್ತಾರೆ. ಪೊರಕೆಯನ್ನೂ ನೆನೆಸುತ್ತಾರೆ.

ಮಗಳು ಮಾತ್ರ ತನ್ನ ಹೇಳಿಕೆಯಲ್ಲಿ, ಪೊರಕೆ ನೆನೆಸುತ್ತಿದ್ದದ್ದು ಅಪ್ಪನೇ ಎಂದು ಬರೆಸಿದ್ದಳು.

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಈ ಮಂಡಿ ಇಟ್ಟುಕೊಂಡು ಅದು ಸಣ್ಣ ಮಾತಲ್ಲ.

ಕಂಟ್ರೋಲ್ ರೂಮಿನಲ್ಲಿ ಮಗಳು ಒಬ್ಬಳೇ ಇದ್ದಳು. ಇಂಜಿನ್ ಓಡಿಸುವ ಗುಂಡಿಗಳೆಲ್ಲ ಇರುವುದು ಅವಳ ಕೈಯಲ್ಲೇ. ಅಂದರೆ ಅಪ್ಪ ಒಳಗೆ ಬೇಯುತ್ತಿದ್ದಾಗ ಕೊಳವೆಗೆ ಅನಿಲ ಬಿಟ್ಟಿದ್ದೂ ಅವಳ ಕೈಯೇ. ಮೂವತ್ತೆಂಟು ವರ್ಷ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿ, ಗಾಜಿನ ಕಡೆ ಮುಖ ಮಾಡಿ ಕೂತಿದ್ದಳು. ನಾನು ಬಂದದ್ದಕ್ಕೆ ತಿರುಗಲಿಲ್ಲ.

"ಪೊರಕೆ ನೆನೆಸ್ತಿದ್ದೋರು ಯಾರಮ್ಮಾ?"

"ಅಪ್ಪ. ಆವತ್ತೇ ಹೇಳಿದ್ನಲ್ಲ ಮೇಡಂ."

"ಗೋಡೆ ಬೇರೆ ಹೇಳ್ತಿದೆ."

ಅವಳು ಫೋಟೋದ ಕಡೆ ನೋಡಿದಳು. ಆಮೇಲೆ ಬಿಕ್ಕಲಿಲ್ಲ, ಬೆವರಲಿಲ್ಲ, ಯಾರದೋ ಮನೆಯ ವಿಷಯ ಹೇಳಿದ ಹಾಗೆ ಹೇಳತೊಡಗಿದಳು.

ಅವಳಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ಇದೇ ಶೆಡ್ಡಿಗೆ ಕರೆತಂದಿದ್ದರಂತೆ. ಬಿಸಿಲಲ್ಲಿ ನಿಲ್ಲಿಸಿ, ಒಂದು ನಲ್ಲಿ ತಿರುಗಿಸಿ, ಏನು ಕಾಣಿಸುತ್ತೆ ಪುಟ್ಟೀ ಎಂದು ಕೇಳಿದರಂತೆ. ಏನೂ ಇಲ್ಲ ಎಂದಳಂತೆ. ಅಪ್ಪ ಉಪ್ಪಿನ ಪೊರಕೆ ಚಾಚಿದರು. ಅವಳಿಗಿಂತ ಎತ್ತರದ ಹಳದಿ ಬೆಂಕಿ ಅಲ್ಲೇ ನಿಂತಿತ್ತು, ಮೊದಲಿಂದಲೂ ಅಲ್ಲೇ ಇತ್ತು. ಅವತ್ತಿನಿಂದ ಪೊರಕೆ ನೆನೆಸುವುದು ಮಗಳ ಕೆಲಸ. ಪ್ರತಿ ಶನಿವಾರ, ಉಪ್ಪಿನ ಡಬ್ಬದಿಂದ. ಓದಿ ಇಂಜಿನಿಯರಾದಳು, ಮದುವೆಯಾಯಿತು, ಈ ಕುರ್ಚಿಗೆ ಬಂದಳು, ಆ ಕೆಲಸ ಮಾತ್ರ ಬಿಡಲಿಲ್ಲ. ಬೇರೆ ಯಾರು ನೆನೆಸಿದ ಪೊರಕೆಯನ್ನೂ ಅಪ್ಪ ಮುಟ್ಟುತ್ತಿರಲಿಲ್ಲವಂತೆ.

"ಆಸ್ಪತ್ರೇಲಿ ಅವರು ನನ್ನ ಹೊಗಳ್ತಿರ್ಲಿಲ್ಲ ಮೇಡಂ. ನನ್ ಮಗಳು ನೆನೆಸಿದ್ಲು, ಮತ್ತೆ ಯಾಕೆ ಹತ್ಲಿಲ್ಲ ಅಂತ ಯೋಚನೆ ಮಾಡ್ತಿದ್ರು. ಮೂರು ದಿನವೂ ಅದನ್ನೇ ಯೋಚನೆ ಮಾಡ್ಕೊಂಡೇ ಹೋದ್ರು."

"ಅದನ್ನ ಗೋಡೆಗೆ ಯಾಕೆ ಹಾಕಿದೆ?"

"ನಾನು ದಿನಾ ಓದ್ಲಿ ಅಂತ."

ಇವಳ ಕೈಯಿಂದಲೇ ಅಪ್ಪ ಸತ್ತರೋ ಇಲ್ಲವೋ ಅನ್ನುವುದೊಂದೇ ಇವಳಿಗೆ ಬೇಕಾಗಿತ್ತು, ಅದನ್ನು ಹೇಳಬಲ್ಲವಳು ನಾನೊಬ್ಬಳೇ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ತಪ್ಪು ನಿನ್ನದಲ್ಲಮ್ಮ ಎಂದೆ. ಯಾರೋ ನಿನ್ನ ಉಪ್ಪಿನ ಡಬ್ಬವನ್ನೇ ಕೆಡಿಸಿದ್ದಾರೆ, ನಾನು ಇವತ್ತು ಆ ಪೊರಕೆಯ ಎಳೆ ಬಾಯಿಗಿಟ್ಟು ನೋಡಿದೆ ಎಂದೆ.

"ಒಗರಾಗಿತ್ತಾ?" ಎಂದಳು.

ಒಗರಿನ ಮಾತು ನಾನು ಎತ್ತಿಯೇ ಇರಲಿಲ್ಲ.

ಅಪ್ಪನನ್ನು ಮಣ್ಣಿಗೆ ಕಳಿಸಿ ಬಂದ ದಿನವೇ ಅವಳು ಡಬ್ಬದಲ್ಲಿ ಬೆರಳಿಟ್ಟು ನೆಕ್ಕಿದ್ದಳಂತೆ. ಟ್ಯಾಂಕಿನ ಪುಡಿ ಎಂದು ಅವತ್ತೇ ತಿಳಿಯಿತಂತೆ. ಡಬ್ಬ ಇರುವುದು ಈ ಕೋಣೆಯ ಬೀರುವಿನಲ್ಲಿ.

"ಬೀರು ಬೀಗದ ಕೈ ಮೂರು ಮೇಡಂ. ಒಂದು ಅಪ್ಪಂದು. ಒಂದು ನಂದು."

ಮೂರನೆಯದು ಯಾರದು ಎಂದು ಕೇಳಬೇಕಾಗಿರಲಿಲ್ಲ. ನನ್ನ ಮನಸ್ಸಿನಲ್ಲಿದ್ದ ಹೆಸರೇ ಅವಳ ಮನಸ್ಸಿನಲ್ಲೂ ಇತ್ತು. ನಾನು ಅದನ್ನು ವರದಿಗೆ ಬರೆಯಲು ಹೊರಟಿದ್ದೆ, ಅಷ್ಟೇ ವ್ಯತ್ಯಾಸ.

"ನಮ್ ಯಜಮಾನ್ರು ಕೆಟ್ಟೋರಲ್ಲ. ಒಳ್ಳೆ ಇಂಜಿನಿಯರ್ ಇದ್ರು."

ಇದ್ರು.

ಎದ್ದು ಗಾಜಿನ ಹತ್ತಿರ ಹೋದೆ. ಕೆಳಗೆ ಟೆಸ್ಟ್ ಸೆಲ್, ಇಂಜಿನ್ ಓಡಿಸಿ ನೋಡುವ ಕೋಣೆ. ಗಾಜಿನ ಮಾಡಿನಿಂದ ಮಧ್ಯಾಹ್ನದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ನಡುವೆ ಇಂಜಿನ್, ಅದಕ್ಕೆ ಬರುವ ದಪ್ಪ ಕೊಳವೆ, ಕೊಳವೆಯ ಮೇಲೆ ಹಿಮ. ಮೊದಲನೇ ಕೀಲು ದಾಟಿ ಎರಡನೆಯದರ ಕಡೆ ಅಳಿಯ ನಡೆಯುತ್ತಿದ್ದ. ಉದ್ದ ಕೈ, ಕೈಯಲ್ಲಿ ಪೊರಕೆ.

ಓಟ ಹನ್ನೆರಡಕ್ಕಲ್ಲವೇ, ಈಗಲೇ ಅನಿಲ ಬಿಟ್ಟೆಯಾ ಎಂದೆ. ಗಂಟೆ ಹನ್ನೊಂದೂಮುಕ್ಕಾಲು ಆಗಿತ್ತಷ್ಟೆ. ಅವರಿಗೆ ಅವಸರ ಇತ್ತು, ನನಗೂ ಇತ್ತು ಎಂದಳು.

ಪೊರಕೆಯಪ್ಪ ಸತ್ತ ಮೇಲೆ ಇಲ್ಲಿ ಬೆಂಕಿ ಗುರುತಿಸುವ ಕ್ಯಾಮೆರಾ ತಂದು ಹಾಕಿದ್ದರು. ಪೊರಕೆ ಇದೆಯಲ್ಲ ಅಂತ ಅಲ್ಲಿಯವರೆಗೂ ಮುಂದೂಡುತ್ತ ಬಂದಿದ್ದರು. ಮನುಷ್ಯ ಸುಟ್ಟ ಮೇಲೆ ಕ್ಯಾಮೆರಾ; ಪೊರಕೆಯ ನಿಯಮವನ್ನು ಮಾತ್ರ ಇನ್ನೂ ಕೈಬಿಟ್ಟಿರಲಿಲ್ಲ. ಅದರ ಪರದೆ ಅವಳ ಮುಂದೆಯೇ ಇತ್ತು. ಮೂರನೇ ಕೀಲಿನ ಮೇಲೆ ಒಂದು ಕೆಂಪು ಚುಕ್ಕೆ ಬಡಿದುಕೊಳ್ಳುತ್ತಿತ್ತು. ಸೈರನ್ನಿನ ಸ್ವಿಚ್ಚು ಕೆಳಕ್ಕಿತ್ತು, ಆರಿಸಿದ್ದಳು.

ಮುದುಕ ಕೆಂಪು ಶಾಯಿಯಲ್ಲಿ ಬರೆದದ್ದು ಸರಿಯಾಗಿಯೇ ಇತ್ತು.

"ಇವತ್ತಿನ ಪೊರಕೆ ಯಾರು ನೆನೆಸಿದ್ದು?"

"ನಾನೇ. ಶನಿವಾರ. ಅದೇ ಡಬ್ಬದಿಂದ."

ಆಗ ಮೊದಲ ಸಲ ಅವಳು ನನ್ನ ಕಡೆ ಪೂರ್ತಿ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಲಸ ಮುಗಿಸಿ ಕೈ ತೊಳೆದುಕೊಂಡವರ ಮುಖ.

"ಉಪ್ಪು ತಿಂದೋನು ನೀರು ಕುಡೀಲೇಬೇಕು ಮೇಡಂ. ಅವನೂ ಕುಡೀಲಿ."

'ಯಜಮಾನ್ರು' ಒಂದೇ ಉಸಿರಿನಲ್ಲಿ 'ಅವನು' ಆಗಿದ್ದ.

ಅವಳನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿ ಕೆಂಪು ಗುಂಡಿಯನ್ನು ಮುಷ್ಟಿಯಿಂದ ಗುದ್ದಿದೆ. ಅನಿಲ ಬರುವುದು ನಿಂತಿತು. ಪರದೆಯ ಮೇಲೆ ತೊಂಬತ್ತು ಎಂಬ ಅಂಕಿ ಮೂಡಿ ಇಳಿಯತೊಡಗಿತು. ಕೊಳವೆಯಲ್ಲಿ ಉಳಿದದ್ದು ಉರಿದು ಮುಗಿಯಲು ತೊಂಬತ್ತು ಸೆಕೆಂಡು ಬೇಕು, ಅಲ್ಲಿಯವರೆಗೆ ಆ ಕೋಣೆಯ ಬಾಗಿಲು ತೆರೆಯುವುದಿಲ್ಲ ಎಂದು ಅವಳೇ ವಿವರಿಸಿದಳು. ಸೈರನ್ನಿನ ಸ್ವಿಚ್ಚು ಮೇಲಕ್ಕೆತ್ತಿದೆ. ಸದ್ದಿಲ್ಲ. ಅದರ ಫ್ಯೂಸು ಅವಳ ಮುಂದೆ ಮೇಜಿನ ಮೇಲಿತ್ತು.

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಸ್ಟೋರ್ ಕೀಪರ್. ಒಂದು ಕೈಯಲ್ಲಿ ಫ್ಯೂಸು ಸಿಗಿಸಲು ಒದ್ದಾಡುತ್ತ, ಇನ್ನೊಂದು ಕೈಯಲ್ಲಿ ಸ್ಪೀಕರ್ ಒತ್ತಿದೆ. ಈ ತಿಂಗಳು ಆ ಮೂಟೆಯ ಮೇಲೆ ಒಂದೇ ಒಂದು ಚೀಟಿ ಇದೆಯಂತೆ. ಓದಿದ. 'ಉಪ್ಪು. ಎರಡು ಕೆ.ಜಿ. ಪೊರಕೆಗೆ.' ಕೆಳಗೆ ಹೆಡ್ ಮೆಕ್ಯಾನಿಕ್ಕಿನ ಸಹಿ.

"ಅವತ್ತು ಯಾವಾಗ್ಲೂ ಉಪ್ಪು ಕೊಡೋ ಕ್ಯಾಂಟೀನ್ ಮುಚ್ಚಿತ್ತಂತೆ ಮೇಡಂ, ಅದಕ್ಕೆ ಅಜ್ಜ ನನ್ ಹತ್ರ ಬಂದ್ರು. ನಾನು ಹೊಸಬ. ಉಪ್ಪು ಅಂದ್ರು, ಉಪ್ಪು ಕೊಟ್ಟೆ. ಪೊರಕೆಗೆ ಯಾಕೆ ಅಂತ ನಂಗೇನ್ ಗೊತ್ತು."

ಮುಂದೆ ಅವನು ಅಳುವುದಷ್ಟೇ ಕೇಳಿಸಿತು.

ಸ್ಟೋರಿನಲ್ಲಿ ಅವನು ಆ ಪದ ಅಂದಾಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಸ್ಟೋರಿನವರೆಲ್ಲ ಉಪ್ಪು ಅನ್ನುವುದು ಪಟಿಕವನ್ನೇ. ಯಾರೂ ಯಾರನ್ನೂ ಕೊಂದಿರಲಿಲ್ಲ. ಮುದುಕ ತಮ್ಮ ಬೀಗದ ಕೈಯಿಂದ ತಾವೇ ಬೀರು ತೆಗೆದು, ತಾವೇ ಆ ಪುಡಿಯನ್ನು ಡಬ್ಬಕ್ಕೆ ಸುರಿದಿದ್ದರು.

ಮಗಳು ಎದ್ದು ನಿಂತಿದ್ದಳು. ಬಾಯಿ ಅಪ್ಪಾ ಎನ್ನುವಂತೆ ತೆರೆದಿತ್ತು. ಫ್ಯೂಸು ಕೂರಲೇ ಇಲ್ಲ; ನಾನು ಮೈಕನ್ನು ಕೈಗೆತ್ತಿಕೊಂಡು ನಿಲ್ಲು, ನಿಲ್ಲು ಎಂದು ಕೂಗಿದೆ. ಕೆಳಗೆ ಅಳಿಯ ಕತ್ತು ಸಹ ತಿರುಗಿಸಲಿಲ್ಲ.

"ಮೈಕಿನ ವೈರು," ಎಂದಳು. "ಬೆಳಿಗ್ಗೇನೇ ಕತ್ತರಿಸಿದೆ."

ಅಂಕಿ ಅರವತ್ತೆರಡಕ್ಕೆ ಬಂದಿತ್ತು. ಅವನು ಎರಡನೇ ಕೀಲು ದಾಟಿದ್ದ. ಮೂರನೆಯದಕ್ಕೆ ನಾಲ್ಕು ಹೆಜ್ಜೆ.

ಅವಳು ಗಾಜಿನ ಮೇಲೆ ಬಿದ್ದಳು. ಎರಡೂ ಅಂಗೈಯಿಂದ ಬಡಿದಳು. ಬೆರಳಷ್ಟು ದಪ್ಪದ ಎರಡು ಪದರ ಗಾಜು ಅದು, ಇಂಜಿನ್ನಿನ ಆರ್ಭಟವೇ ದಾಟದ್ದು. ಕೈ ಮೇಲೆತ್ತಿ ಆ ಕಡೆ ಈ ಕಡೆ ಬೀಸಿದಳು. ಆ ಚಲನೆ ಅವನ ಕಣ್ಣಿಗೆ ಬಿದ್ದಿರಬೇಕು, ತಲೆಯೆತ್ತಿದ. ಪೊರಕೆಯ ತುದಿ ಮೂರನೇ ಕೀಲಿನ ಮುಂದೆ ಚಾಚಿಕೊಂಡಿತ್ತು, ಬಿಸಿಲಲ್ಲಿ ಒಂದೊಂದೇ ಎಳೆಯಾಗಿ ಕಪ್ಪಗಾಗುತ್ತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ.

ಹೆಂಡತಿಯನ್ನು ನೋಡುತ್ತಿದ್ದ. ಅಪ್ಪ ಸತ್ತ ಮೇಲೆ ಅವಳು ಅವನ ಜೊತೆ ಸರಿಯಾಗಿ ಒಂದು ಮಾತನ್ನೂ ಆಡಿರಲಿಲ್ಲ. ಅವಳೀಗ ಕೈ ಬೀಸುತ್ತಿದ್ದಾಳೆ ಅಂದುಕೊಂಡು ಅವನ ಮುಖ ಅರಳಿತು. ಎಡಗೈ ಎತ್ತಿ ತಾನೂ ಬೀಸಿದ, ಬೀಸುತ್ತಲೇ ಒಂದು ಹೆಜ್ಜೆ ಮುಂದಿಟ್ಟ.